ಮಂಡಕಳ್ಳಿ ಏರ್‌ಪೋರ್ಟ್ ಹತ್ತಿರ ಸೈಟು: ಹೈಟ್ ಎನ್‌ಒಸಿ ಲೆಕ್ಕ ಹೇಗೆ?

ಸೈಟು_3040 ಕೇಳಿದ್ದು:
ಮೈಸೂರಿನ ಮಂಡಕಳ್ಳಿ ಏರ್‌ಪೋರ್ಟ್ ರನ್‌ವೇ ತುದಿಯಿಂದ ಒಂದೂವರೆ ಕಿ.ಮೀ. ದೂರದಲ್ಲಿ, ವಿಮಾನ ಇಳಿಯೋ ದಾರಿಯ ನೇರಕ್ಕೇ ಒಂದು 30×40 ಸೈಟು ನೋಡ್ತಿದ್ದೀವಿ. ಗ್ರೌಂಡ್ ಪ್ಲಸ್ ಟು, ಮೇಲೆ ಹೆಡ್‌ರೂಮು (ಮೆಟ್ಟಿಲ ಮೇಲಿನ ಕೋಣೆ), ಅದರ ಮೇಲೆ ಟ್ಯಾಂಕು. "ಇಲ್ಲಿ ಬರೋದು ಬರೀ ಎಟಿಆರ್ ಅನ್ನೋ ಚಿಕ್ಕ ವಿಮಾನ, ಏರ್‌ಪೋರ್ಟ್‌ನೋರು ಏನೂ ಕೇಳಲ್ಲ" ಅಂತಾರೆ ಬ್ರೋಕರ್. ನಿಜಾನಾ? ಎನ್‌ಒಸಿಗೆ (ಎತ್ತರಕ್ಕೆ ಆಕ್ಷೇಪ ಇಲ್ಲ ಅನ್ನೋ ಪತ್ರ) ಏನೇನು ಕೊಡಬೇಕು? ನಾಳೆ ರನ್‌ವೇ ಉದ್ದ ಮಾಡಿದ್ರೆ ಮನೆ ಗತಿ ಏನು?

ಡಂಪಿ_ಲೆವೆಲ್:
ಬ್ರೋಕರ್ ಮಾತು ಬಿಡಿ. ವಿಮಾನ ಚಿಕ್ಕದೋ ದೊಡ್ಡದೋ ಅನ್ನೋದರ ಮೇಲೆ ನಿಮ್ಮ ಎತ್ತರ ನಿಂತಿಲ್ಲ. ರನ್‌ವೇ ತುದಿಯಿಂದ 60 ಮೀಟರ್ ಆಚೆಗೆ ಒಂದು ಕಾಲ್ಪನಿಕ ಇಳಿಜಾರು ಶುರುವಾಗುತ್ತೆ, ಅದೇ ಅಪ್ರೋಚ್ ಸರ್ಫೇಸ್, ಕಟ್ಟಡ ಅದರ ಕೆಳಗೇ ಇರಬೇಕು. ಉಪಕರಣದ ನೆರವಿನಿಂದ ಇಳಿಯೋ ಈ ದರ್ಜೆಯ ರನ್‌ವೇಗೆ ಮೊದಲ 3,000 ಮೀಟರ್‌ವರೆಗೆ ಅದರ ಏರಿಕೆ 2%. ಎರಡೂ ಪಕ್ಕಕ್ಕೆ 15% ಅಗಲವಾಗುತ್ತಾ ಹೋಗುತ್ತೆ, ಹಾಗಾಗಿ ನಡುಗೆರೆಯಿಂದ ಸ್ವಲ್ಪ ಪಕ್ಕಕ್ಕಿದ್ದರೂ ತಪ್ಪಿಸಿಕೊಂಡ ಹಾಗಲ್ಲ.

ನಿಮ್ಮ ಲೆಕ್ಕ: 1,500ರಲ್ಲಿ 60 ಕಳೆದರೆ 1,440. ಅದರ 2% ಅಂದ್ರೆ 28.8 ಮೀಟರ್. ಆದರೆ ಇದು ರನ್‌ವೇ ತುದಿಯ ಮಟ್ಟದಿಂದ, ನಿಮ್ಮ ಸೈಟಿನ ನೆಲದಿಂದಲ್ಲ. ಸೈಟು ದಿಬ್ಬದ ಮೇಲಿದ್ದು ರನ್‌ವೇ ತುದಿಗಿಂತ 6 ಮೀಟರ್ ಎತ್ತರ ಇದ್ದರೆ ಕೈಗೆ ಸಿಗೋದು 22.8. ಪ್ಲಿಂತ್ 0.6, ಮೂರು ಫ್ಲೋರಿಗೆ ಒಂದಕ್ಕೆ 3.15ರಂತೆ 9.45, ಹೆಡ್‌ರೂಮು 2.4, ಸ್ಟ್ಯಾಂಡ್ ಸಮೇತ ಟ್ಯಾಂಕು 2, ಎಲ್ಲ ಕೂಡಿದರೆ 14.45, ಹತ್ತಿರ ಹತ್ತಿರ ಹದಿನಾಲ್ಕೂವರೆ. ಇವತ್ತಿನ ರನ್‌ವೇ ಇಟ್ಟುಕೊಂಡರೆ ಸಲೀಸಾಗಿ ಕೂರುತ್ತೆ. 400 ಮೀಟರ್ ದೂರದ ಸೈಟಿಗೆ ಇದೇ ಲೆಕ್ಕದಲ್ಲಿ ಸಿಗೋದು 6.8 ಮಾತ್ರ.

ಪ್ಲಾನ್_ಸ್ಯಾಂಕ್ಷನ್:
ಮೇಲಿನದು ಅಂದಾಜಿಗಷ್ಟೇ, ಕೊನೇ ಮಾತು ಎಎಐನದು (ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ). 2015ರ ಎತ್ತರ ನಿರ್ಬಂಧ ನಿಯಮ ಏರ್‌ಪೋರ್ಟ್ ಸುತ್ತ 20 ಕಿ.ಮೀ. ತನಕ ಅನ್ವಯಿಸುತ್ತೆ. ಕಲರ್ ಕೋಡೆಡ್ ಝೋನಿಂಗ್ ಮ್ಯಾಪ್ (ಎಲ್ಲಿ ಎಷ್ಟು ಎತ್ತರ ಅಂತ ಬಣ್ಣದಲ್ಲಿ ತೋರಿಸೋ ನಕ್ಷೆ) ಇರೋ ಕಡೆ, ಅದರಲ್ಲಿ ಹೇಳಿದ ಎತ್ತರದೊಳಗಿದ್ದರೆ ಸ್ಥಳೀಯ ಸಂಸ್ಥೆಯೇ ಪ್ಲಾನ್ ಪಾಸ್ ಮಾಡಬಹುದು. ಕೆಂಪು ಝೋನ್ ಆದರೆ ಎನ್‌ಒಸಿ ಇಲ್ಲದೆ ಆಗಲ್ಲ.

ಅರ್ಜಿ ಎಎಐನ ನೊಕಾಸ್ ಪೋರ್ಟಲ್‌ನಲ್ಲಿ. ಸೈಟಿನ ನಾಲ್ಕೂ ಮೂಲೆಯ ಡಬ್ಲ್ಯುಜಿಎಸ್-84 (ಜಿಪಿಎಸ್ ಬಳಸೋ ಪದ್ಧತಿ) ಅಕ್ಷಾಂಶ ರೇಖಾಂಶ, ಸಮುದ್ರಮಟ್ಟದಿಂದ ಸೈಟಿನ ಎತ್ತರ, ಇವಕ್ಕೆ ಅಧಿಕೃತ ಸರ್ವೇಯರ್ ಸರ್ಟಿಫಿಕೇಟು, ಫಾರಂ 1ಎ ಮುಚ್ಚಳಿಕೆ. ಎಲ್ಲರೂ ಎಡವೋದು ಎತ್ತರದ ಅಂಕಿಯಲ್ಲಿ. ಡಿಜಿಪಿಎಸ್ (ನಿಖರ ಜಿಪಿಎಸ್ ಸರ್ವೆ ಯಂತ್ರ) ಕೊಡೋದು ಎಲಿಪ್ಸಾಯಿಡ್ ಎತ್ತರ, ಅಂದ್ರೆ ಭೂಮಿಯ ಗಣಿತದ ಮಾದರಿಯಿಂದ ಅಳೆದದ್ದು. ನಮ್ಮ ಭಾಗದಲ್ಲಿ ಅದಕ್ಕೂ ಸಮುದ್ರಮಟ್ಟದ ಎತ್ತರಕ್ಕೂ 80 ಮೀಟರ್‌ಗಿಂತ ಹೆಚ್ಚು ವ್ಯತ್ಯಾಸ. ತಿದ್ದದೆ ಹಾಗೇ ಬರೆದರೆ ಸೈಟು ಪಾತಾಳದಲ್ಲಿರೋ ಹಾಗೆ ಕಾಣುತ್ತೆ, ಎತ್ತರವೂ ಧಾರಾಳವಾಗಿ ಸಿಕ್ಕ ಹಾಗೆ ಕಾಣುತ್ತೆ. ಎನ್‌ಒಸಿಯಲ್ಲಿ ನಡೆಯೋದು ಕಟ್ಟಡದ ತುದಿಯ ಸಮುದ್ರಮಟ್ಟದ ಅಂಕಿ. ಕೊಟ್ಟ ವಿವರ ತಪ್ಪಿದ್ದರೆ ಆ ಕಾಗದಕ್ಕೇ ಬೆಲೆ ಇಲ್ಲ. ಸರ್ವೇಯರ್ ಹತ್ತಿರ ಯಾವ ಬೆಂಚ್‌ಮಾರ್ಕ್‌ನಿಂದ (ಸಮುದ್ರಮಟ್ಟದ ಎತ್ತರ ಗೊತ್ತಿರೋ ಗುರುತು) ಮಟ್ಟ ತಂದಿರಿ ಅಂತ ಬರೆಸಿಕೊಳ್ಳಿ.

ಟ್ಯಾಂಕು, ಲಿಫ್ಟ್ ರೂಮು, ಸಿಡಿಲು ಕಡ್ಡಿ, ಆಂಟೆನಾ ಎಲ್ಲವೂ ಆ ತುದಿ ಅಂಕಿಯೊಳಗೇ ಇರಬೇಕು. ಕಟ್ಟಡಕ್ಕೆ ಎನ್‌ಒಸಿ ಅವಧಿ 8 ವರ್ಷ. ಅದರ ಷರತ್ತುಗಳನ್ನೂ ಓದಿ: ವಿಮಾನದ ಸದ್ದು, ಅದುರಾಟ ಅಂತ ಪರಿಹಾರ ಕೇಳೋ ಹಾಗಿಲ್ಲ, 8 ಕಿ.ಮೀ. ಒಳಗೆ ಹೊಗೆ ಎಬ್ಬಿಸೋ ಇಂಧನ ಬಳಸೋ ಹಾಗಿಲ್ಲ. ಇನ್ನೊಂದು ಮಾತು, ಇದು ಎತ್ತರದ ಕಾಗದವೇ ಹೊರತು ಖಾತೆ, ಕನ್ವರ್ಷನ್‌ಗೆ ಬದಲಿ ಅಲ್ಲ.

ಡಂಪಿ_ಲೆವೆಲ್:
ರನ್‌ವೇ ಉದ್ದ ಮಾಡೋ ವಿಷಯಕ್ಕೆ ಬರೋಣ, ನಿಮ್ಮ ಅಸಲಿ ತಲೆನೋವು ಅದೇ. ಈಗಿನ ರನ್‌ವೇ 1,740 ಮೀಟರ್ ಉದ್ದ, 30 ಅಗಲ. ಎ320, 737ನಂಥ ದೊಡ್ಡ ಜೆಟ್ ಇಳಿಸೋಕೆ 45 ಮೀಟರ್ ಅಗಲ ಬೇಕು, ಉದ್ದವೂ ಸಾಲದು. ಪ್ರಸ್ತಾವದಲ್ಲಿರೋದು 2,750 ಮೀಟರ್, ಅಂದ್ರೆ 1,010 ಹೆಚ್ಚುವರಿ. ನಂಜನಗೂಡು ಹೆದ್ದಾರಿ, ರೈಲು ಹಳಿ ಅಡ್ಡ ಇರೋದರಿಂದ ಇದು ವರ್ಷಗಳಿಂದ ಎಳೆದಾಡ್ತಿದೆ.

ಆ 1,010 ಮೀಟರ್ ಪೂರ್ತಿ ನಿಮ್ಮ ಕಡೆಗೇ ಬಂತು ಅಂದುಕೊಳ್ಳಿ. ಆಗ ನಿಮಗೂ ರನ್‌ವೇ ತುದಿಗೂ ಉಳಿಯೋದು 490. ಅದರಲ್ಲಿ 60 ಕಳೆದು 2% ಹಾಕಿದರೆ 8.6 ಮೀಟರ್. ಸೈಟು 6 ಮೀಟರ್ ಎತ್ತರದಲ್ಲಿದ್ದರೆ 2.6, ಅಲ್ಲಿ ಕಾರ್ ಶೆಡ್ಡೂ ಬಗ್ಗಿಕೊಂಡು ನಿಲ್ಲಬೇಕು. ಅಡ್ವಾನ್ಸ್ ಕೊಡೋ ಮೊದಲು ವಿಸ್ತರಣೆ ಯಾವ ತುದಿಗೆ, ಭೂಸ್ವಾಧೀನದ ಸರ್ವೆ ನಂಬರ್‌ಗಳು ಯಾವುವು ಅಂತ ತಾಲ್ಲೂಕು ಕಚೇರಿಯಲ್ಲಿ ನೋಡಿ. ನಿಮ್ಮ ಪಕ್ಕದ ಸರ್ವೆ ನಂಬರ್ ಪಟ್ಟಿಯಲ್ಲಿದ್ದರೆ ನಾನಾದರೆ ಆ ಸೈಟಿನ ಆಸೆ ಬಿಡ್ತೀನಿ.

ಸೈಟು_3040:
ಇದು ಗೊತ್ತಿರಲಿಲ್ಲ, ಥ್ಯಾಂಕ್ಸ್ ಸರ್. ಸೈಟಿನ ಹಿಂದೆ ನಾಲ್ಕು ತೆಂಗಿನ ಮರ, ಒಂದು ಸಿಲ್ವರ್ ಓಕ್ ಇವೆ. ಅದಕ್ಕೂ ಲೆಕ್ಕ ಇದೆಯಾ?

ಪ್ಲಾನ್_ಸ್ಯಾಂಕ್ಷನ್:
ಇದೆ. ಅಡಚಣೆ ತೆರವಿಗೆ ಅಂತಲೇ 1994ರಲ್ಲಿ ಮಾಡಿದ ನಿಯಮದಲ್ಲಿ ಕಟ್ಟಡದ ಜೊತೆ ಮರದ ಹೆಸರೂ ಇದೆ. ನೋಟಿಸ್ ಬಂದರೆ ತುದಿ ಕಡಿಸಬೇಕು ಅಥವಾ ಮರವನ್ನೇ ತೆಗೆಸಬೇಕು. ಸಿಲ್ವರ್ ಓಕಿನ ಸುಳಿ ಕಡಿಸಿ ಹತೋಟಿಯಲ್ಲಿ ಇಡಬಹುದು, ತೆಂಗಿನ ಸುಳಿ ಕಡಿದರೆ ಮರವೇ ಹೋಯ್ತು. ಹೊಸದಾಗಿ ನೆಡೋದಾದರೆ ನಿಂಬೆ, ಸೀಬೆ ಸಾಕು. ಕಸ, ಕೋಳಿ ಅಂಗಡಿ ತ್ಯಾಜ್ಯ ಪಕ್ಕದ ಖಾಲಿ ಸೈಟಿಗೆ ಸುರಿಯೋರಿದ್ದರೆ ಪಂಚಾಯ್ತಿಗೆ ಬರೆದು ಕೊಡಿ. ಏರ್‌ಪೋರ್ಟ್‌ನಿಂದ 10 ಕಿ.ಮೀ. ಒಳಗೆ ಬಯಲಲ್ಲಿ ಕಸ ಸುರಿಯೋದಕ್ಕೂ ಪ್ರಾಣಿ ಕಡಿಯೋದಕ್ಕೂ ನಿರ್ಬಂಧ ಇದೆ, ಹದ್ದು ಬಂದು ಎಂಜಿನ್‌ಗೆ ಬಡೀತವೆ ಅಂತ.