ಅಪ್‌ಡೇಟ್: ಅಲಸಂಡೆ ಬಳ್ಳಿ ಚೇತರಿಸಿತು, ಆದರೆ ಕಡಲಕಳೆ ದ್ರಾವಣವೊಂದರಿಂದಲೇ ಅಲ್ಲ

ಬದಿಯಡ್ಕದ ಸಮೀಪದ ನಮ್ಮ ಮುರಮಣ್ಣಿನ ಹಿತ್ತಿಲಲ್ಲಿ ಹಳದಿಯಾಗಿ ಕುಗ್ಗಿದ್ದ ಅಲಸಂಡೆಗೆ ಯಾವ ನೈಸರ್ಗಿಕ ಬೆಳವಣಿಗೆ ಉತ್ತೇಜಕ ಸೂಕ್ತವೆಂದು 25 ದಿನಗಳ ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು.

ಪಂಚಗವ್ಯದಿಂದ ಪ್ರಯೋಜನವಾಗಲಿಲ್ಲ, ತಪ್ಪು ನನ್ನದೇ: ನೂರು ಲೀಟರ್ ನೀರಿಗೆ 3 ಲೀಟರ್ ಎಂಬ ವಾಡಿಕೆಯ ಪ್ರಮಾಣವನ್ನು ಮೀರಿ ಗಟ್ಟಿಯಾಗಿ ಸಿಂಪಡಿಸಿದ್ದರಿಂದ ಎಲೆಗಳ ಅಂಚು ಸುಟ್ಟಿತು. ಕಡಲಕಳೆಯ ದ್ರಾವಣವನ್ನು ಮಾತ್ರ ಕೊಟ್ಟ ಎರಡು ಸಾಲುಗಳಲ್ಲಿಯೂ ಹೇಳಿಕೊಳ್ಳುವಂತಹ ಬದಲಾವಣೆ ಕಾಣಲಿಲ್ಲ. ಮೊದಲು ಮಣ್ಣಿನ ಹುಳಿಯನ್ನು ತಗ್ಗಿಸಬೇಕೆಂದು ಹೇಳಿದವರ ಮಾತಿನಂತೆ ಸುಣ್ಣ ಮತ್ತು ಒಲೆಯ ಬೂದಿ ಹಾಕಿ, ವಾರ ಬಿಟ್ಟು ಅದೇ ದ್ರಾವಣವನ್ನು ಬುಡಕ್ಕೆ ಹೊಯ್ದ ಸಾಲುಗಳಲ್ಲಿ ಮಾತ್ರ ಹೊಸ ಎಲೆಗಳು ಹಸಿರಾಗಿ ಬಂದವು; ಅಲ್ಲಿನ ಒಂದು ಗಿಡವನ್ನು ಕಿತ್ತು ನೋಡಿದಾಗ ಬೇರಿನ ಗಂಟುಗಳ ಒಳಭಾಗ ನಸುಗೆಂಪಾಗಿತ್ತು, ಅಂದರೆ ಅವು ಗಾಳಿಯ ಸಾರಜನಕವನ್ನು ಗಿಡಕ್ಕೆ ಸಿಗುವಂತೆ ಸ್ಥಿರೀಕರಿಸುತ್ತಿದ್ದವು.

ನನಗೆ ಅಚ್ಚರಿಯೆನಿಸಿದ್ದು, ಕಡಲಕಳೆಯ ಸಾರ ಗೊಬ್ಬರವೇ ಅಲ್ಲ ಎಂಬುದು. ಅದರಲ್ಲಿ ಸಾರಜನಕ ಅತ್ಯಲ್ಪ. ಅದರಲ್ಲಿರುವ ಸೈಟೊಕೈನಿನ್‌ನಂತಹ ಚೋದಕಗಳೂ (ಬೆಳವಣಿಗೆಯ ಹಾರ್ಮೋನುಗಳು) ಬೀಟೈನ್‌ಗಳೆಂಬ ಸಂಯುಕ್ತಗಳೂ ಬೇರು ಬೆಳೆಯಲು, ಬಿಸಿಲು-ಬರ ತಾಳಲು ನೆರವಾಗುತ್ತವೆಯೇ ಹೊರತು ಮಣ್ಣಿನಲ್ಲಿಲ್ಲದ ಆಹಾರವನ್ನು ಒದಗಿಸುವುದಿಲ್ಲ. ಅಂಗಡಿಯಾತ ಮಾತ್ರ ಅದನ್ನು ಗೊಬ್ಬರವೆಂದೇ ಮಾರಿದ್ದ! ಕೇಂದ್ರದ ರಸಗೊಬ್ಬರ ನಿಯಂತ್ರಣ ಆದೇಶಕ್ಕೆ 2021ರಲ್ಲಿ ಇಂತಹ ಜೈವಿಕ ಉತ್ತೇಜಕಗಳು ಪ್ರತ್ಯೇಕ ವರ್ಗವಾಗಿ ಸೇರಿರುವುದರಿಂದ ಕೊಳ್ಳುವಾಗ ಡಬ್ಬಿಯ ಮೇಲಿನ ಚೀಟಿಯನ್ನು ಓದಿ ನೋಡಿ.