ಮುಂಬೈ ರೀಜನ್‌ನಲ್ಲಿ ಮಾಡೆಲ್ ಇದೆ, ಕೋಡ್‌ನಿಂದ ಕರೆದರೆ ಎರರ್

ಪ್ರಶ್ನೆ (ಹಿಂಜವಡಿ, ಪುಣೆ)
ನಮಸ್ಕಾರ. ಅಮೆಜಾನ್ ಕ್ಲೌಡ್‌ನ ಎಐ ಸೇವೆ ಬೆಡ್‌ರಾಕ್‌ನ ಮುಂಬೈ ರೀಜನ್‌ನಲ್ಲಿ (ಎಪಿ-ಸೌತ್-1) ಕ್ಲಾಡ್ ಎಂಬ ಎಐ ಮಾಡೆಲ್‌ಗೆ ಆಕ್ಸೆಸ್ ಸಿಕ್ಕಿದೆ, ಪ್ಲೇಗ್ರೌಂಡ್‌ನಲ್ಲಿ (ಕನ್ಸೋಲ್‌ನ ಪರೀಕ್ಷಾ ಪುಟ) ಉತ್ತರವೂ ಬರುತ್ತಿದೆ. ಮಾಡೆಲ್ ಐಡಿ ಹಾಕಿ ಪೈಥಾನ್‌ನಿಂದ ಕರೆದರೆ ಮಾತ್ರ ‘ಆನ್-ಡಿಮಾಂಡ್ ಥ್ರೂಪುಟ್ ಇಲ್ಲ’ (ಅಂದರೆ ಈ ಐಡಿಯಿಂದ ನೇರವಾಗಿ ಕರೆಯಲಾಗದು) ಎಂಬ ವ್ಯಾಲಿಡೇಶನ್ ಎರರ್. ಕ್ಲೈಂಟ್ ಮುಂಬೈನ ಬಿಕೆಸಿಯ ಪೇಮೆಂಟ್ ಕಂಪನಿ. ಡೇಟಾ ದೇಶದ ಹೊರಗೆ ಹೋಗಬಾರದು ಎಂಬ ಷರತ್ತಿದೆ.

ಉತ್ತರ 1 (ಠಾಣೆ)
ಆಕ್ಸೆಸ್‌ನಲ್ಲಿ ತೊಂದರೆಯಿಲ್ಲ, ಐಡಿ ಬದಲಾಗಬೇಕು. ಆ ಮಾಡೆಲ್ ಮುಂಬೈನಲ್ಲಿ ಇನ್‌ಫರೆನ್ಸ್ ಪ್ರೊಫೈಲ್ (ರಿಕ್ವೆಸ್ಟನ್ನು ಹಲವು ರೀಜನ್‌ಗಳಲ್ಲಿ ಒಂದಕ್ಕೆ ಕಳಿಸುವ ವ್ಯವಸ್ಥೆ) ಮೂಲಕ ಮಾತ್ರ ಸಿಗುತ್ತದೆ. ಮಾಡೆಲ್ ಐಡಿಯ ಮುಂದೆ ‘ಏಪ್ಯಾಕ್.’ (ಏಷ್ಯಾ-ಪೆಸಿಫಿಕ್) ಅಥವಾ ‘ಗ್ಲೋಬಲ್.’ ಎಂದು ಶುರುವಾಗುವ ಪ್ರೊಫೈಲ್ ಐಡಿ ಕನ್ಸೋಲ್‌ನ ಕ್ರಾಸ್-ರೀಜನ್ ಇನ್‌ಫರೆನ್ಸ್ ಪುಟದಲ್ಲಿದೆ, ಅದನ್ನೇ ಹಾಕಿ. ದರ ನೀವು ಕರೆಯುವ ರೀಜನ್‌ದೇ.

ಆದರೆ ಷರತ್ತಿನ ವಿಷಯ ಮೊದಲು ಇತ್ಯರ್ಥ ಮಾಡಿಕೊಳ್ಳಿ. ಪ್ರೊಫೈಲ್ ಬಳಸಿದರೆ ಪ್ರಾಂಪ್ಟ್ (ನೀವು ಮಾಡೆಲ್‌ಗೆ ಕಳಿಸುವ ಪಠ್ಯ) ಟೋಕಿಯೋಗೋ ಸಿಡ್ನಿಗೋ ಹೋಗಿ ಬರಬಹುದು. ಮುಂಬೈ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಮುಂಬೈನಲ್ಲೇ ಓಡುತ್ತದೆ ಎಂದು ಕ್ಲೈಂಟ್‌ಗೆ ಬರೆದುಕೊಡಬೇಡಿ.

ಪ್ರಶ್ನೆ ಕೇಳಿದವರು
ಥ್ಯಾಂಕ್ಸ್ ಸರ್. ಟೆಸ್ಟ್ ಡೇಟಾ ಇಟ್ಟು ಪ್ರೊಫೈಲ್ ಐಡಿ ಹಾಕಿದೆ. ಈಗ ಆಕ್ಸೆಸ್ ಡಿನೈಡ್.

ಉತ್ತರ 2 (ಪಣಜಿ)
ಎರಡು ಕಡೆ ನೋಡಿ. ಐಎಎಮ್ ಪಾಲಿಸಿಯಲ್ಲಿ (ಯಾರಿಗೆ ಏನು ಅನುಮತಿ ಎಂಬ ನಿಯಮ) ಪ್ರೊಫೈಲ್‌ನ ಎಆರ್‌ಎನ್ (ಅದರ ಪೂರ್ಣ ಗುರುತು) ಒಂದೇ ಸಾಲದು. ಪ್ರೊಫೈಲ್ ತಲುಪುವ ಪ್ರತಿ ರೀಜನ್‌ನ ಫೌಂಡೇಶನ್ ಮಾಡೆಲ್ ಎಆರ್‌ಎನ್ ಕೂಡ ಬೇಕು. ‘ಗೆಟ್-ಇನ್‌ಫರೆನ್ಸ್-ಪ್ರೊಫೈಲ್’ ಕಮಾಂಡ್ ಕೊಟ್ಟರೆ ಆ ಪಟ್ಟಿ ಪೂರ್ತಿ ಬರುತ್ತದೆ. ಅದೂ ಸರಿಯಿದ್ದರೆ ಆರ್ಗನೈಸೇಶನ್‌ನ ಎಸ್‌ಸಿಪಿ (ಸಂಸ್ಥೆಯ ಅಕೌಂಟ್‌ಗಳಿಗೆ ಹಾಕಿರುವ ನಿರ್ಬಂಧ) ನೋಡಿ. ಮುಂಬೈ, ಹೈದರಾಬಾದ್ ಬಿಟ್ಟು ಉಳಿದದ್ದೆಲ್ಲ ಬಂದ್ ಎಂದು ಅಲ್ಲಿ ಬರೆದಿರುವುದು ಮಾಮೂಲು. ಏಪ್ಯಾಕ್ ಪಟ್ಟಿಯ ಒಂದೇ ಒಂದು ರೀಜನ್ ಬಂದ್ ಇದ್ದರೂ ರಿಕ್ವೆಸ್ಟ್ ಬಿದ್ದುಹೋಗುತ್ತದೆ, ಉಳಿದವು ತೆರೆದಿದ್ದರೂ ಅಷ್ಟೇ. ನಿಮ್ಮ ಕೇಸಿನಲ್ಲಿ ಆ ಎಸ್‌ಸಿಪಿ ಇದ್ದರೆ ದಯವಿಟ್ಟು ತೆಗೆಸಬೇಡಿ. ಕ್ಲೈಂಟ್‌ನ ಷರತ್ತನ್ನು ಕಾಯುತ್ತಿರುವುದು ಅದೇ.

ಉತ್ತರ 3 (ಅಂಧೇರಿ)
‘ಲಿಸ್ಟ್-ಫೌಂಡೇಶನ್-ಮಾಡೆಲ್ಸ್’ಗೆ ರೀಜನ್ ಎಪಿ-ಸೌತ್-1, ಇನ್‌ಫರೆನ್ಸ್ ಟೈಪ್ ಆನ್-ಡಿಮಾಂಡ್ ಎಂದು ಕೊಡಿ. ಬರುವ ಮಾಡೆಲ್‌ಗಳು ಮುಂಬೈನಲ್ಲೇ ಓಡುತ್ತವೆ. ಹಳೆಯದಾದರೂ ಕೆಲಸಕ್ಕೆ ಸಾಕಾಗುವ ಮಾಡೆಲ್ ಅದರಲ್ಲಿದ್ದರೆ ಅದನ್ನೇ ಹಿಡಿಯಿರಿ. ಮೈಕ್ರೋಸಾಫ್ಟ್‌ನ ಅಜೂರ್ ಕ್ಲೌಡ್ ಕಡೆ ಹೋಗುವುದಾದರೆ ಅಲ್ಲಿನ ಸೆಂಟ್ರಲ್ ಇಂಡಿಯಾ ರೀಜನ್ ಎಂದರೆ ಪುಣೆಯೇ. ಆದರೂ ಡಿಪ್ಲಾಯ್‌ಮೆಂಟ್ ಟೈಪ್ ಗ್ಲೋಬಲ್ ಸ್ಟ್ಯಾಂಡರ್ಡ್ ಇಟ್ಟರೆ ಪ್ರಾಂಪ್ಟ್ ಎಲ್ಲಿ ಬೇಕಾದರೂ ಪ್ರೊಸೆಸ್ ಆಗಬಹುದು. ಬರೀ ಸ್ಟ್ಯಾಂಡರ್ಡ್ (ಆ ರೀಜನ್‌ನಲ್ಲೇ ಪ್ರೊಸೆಸ್ ಆಗುವುದು) ಸಿಗುತ್ತದೆಯೇ ಎಂದು ಮಾಡೆಲ್‌ವಾರು ನೋಡಬೇಕು.

ಆರ್‌ಬಿಐನ ಏಪ್ರಿಲ್ 2018ರ ಸುತ್ತೋಲೆ ಪೇಮೆಂಟ್ ಡೇಟಾವನ್ನು ಭಾರತದಲ್ಲೇ ಶೇಖರಿಸಬೇಕು ಎನ್ನುತ್ತದೆ. ನಿಮ್ಮ ಕ್ಲೈಂಟ್‌ನ ಷರತ್ತು ಅದಕ್ಕಿಂತ ಬಿಗಿ, ಹೊರಗೆ ಪ್ರೊಸೆಸಿಂಗೂ ಬೇಡ ಎನ್ನುವಂತಿದೆ. ಕಾರ್ಡ್ ನಂಬರ್ ಮರೆಮಾಚಿ ಕಳಿಸಿದರೆ ನಡೆಯುತ್ತದೆಯೇ ಎಂಬುದನ್ನು ಅವರ ಕಂಪ್ಲಯನ್ಸ್‌ನವರಿಂದ ಈಮೇಲ್‌ನಲ್ಲೇ ತರಿಸಿಕೊಳ್ಳಿ.

ಉತ್ತರ 1
ಒಂದು ಮಾತು ಬಿಟ್ಟಿದ್ದೆ: ಪ್ರೊಫೈಲ್ ಬಳಸಿದ ರಿಕ್ವೆಸ್ಟ್ ಎಲ್ಲಿ ಓಡಿತು ಎಂಬುದು ಮುಂಬೈನ ಕ್ಲೌಡ್‌ಟ್ರೇಲ್ ಲಾಗ್‌ನಲ್ಲಿ (ಅಕೌಂಟ್‌ನ ಚಟುವಟಿಕೆ ದಾಖಲೆ) ‘ಇನ್‌ಫರೆನ್ಸ್ ರೀಜನ್’ ಫೀಲ್ಡ್‌ನಲ್ಲಿ ಬರುತ್ತದೆ. ಆಡಿಟ್‌ನವರು ಅದನ್ನೇ ಕೇಳುತ್ತಾರೆ.