ಗೇಮ್‌ಗಳಿಗೆ ವರ್ಷಕ್ಕೆ ಎಷ್ಟು ಹೋಗುತ್ತದೆ? ಕನ್ಸೋಲ್ ಬೆಲೆಯನ್ನೂ ಸೇರಿಸಬೇಕಾ?

ಹೇಮಾವತಿ_ದಡ:
ನಮಸ್ಕಾರ ಎಲ್ಲರಿಗೂ. ವರ್ಷದ ಖರ್ಚನ್ನೆಲ್ಲ ಒಂದು ಶೀಟ್‌ನಲ್ಲಿ ಬರೆಯೋಣ ಅಂತ ನಾನು, ನನ್ನ ಹೆಂಡತಿ ಕೂತಿದ್ದೇವೆ. ಹಾಲು, ಪೆಟ್ರೋಲ್, ಸ್ಕೂಲ್ ಫೀಸು ಎಲ್ಲ ಸಲೀಸಾಗಿ ಬಂತು. "ನಿಮ್ಮ ಗೇಮ್‌ದು ಎಷ್ಟು ಬರೀಲಿ?" ಅಂದಾಗ ಬಾಯಿಗೆ ಉತ್ತರ ಬರಲಿಲ್ಲ. ಪಿಎಸ್5 (ಪ್ಲೇಸ್ಟೇಷನ್ 5) ಕನ್ಸೋಲ್ ಇದೆ, ಒಂದು ಹಳೇ ಪಿಸಿ ಇದೆ, ಫೋನ್‌ನಲ್ಲಿ ಒಂದೆರಡು ಗೇಮ್ ಇವೆ, ಅದನ್ನು ಮಗನೂ ಆಡುತ್ತಾನೆ. ನೀವು ವರ್ಷಕ್ಕೆ ಅಂದಾಜು ಎಷ್ಟು ಹಾಕುತ್ತೀರಿ? ಕನ್ಸೋಲ್‌ನ ಬೆಲೆಯನ್ನೂ ಹಿಡಿಯಬೇಕಾ, ಗೇಮ್‌ಗಳದ್ದು ಮಾತ್ರ ಸಾಕಾ? ದುಡ್ಡು ದಂಡ ಅನ್ನುವ ಉಪದೇಶ ಮಾತ್ರ ಬೇಡ, ಅದು ಮನೆಯಲ್ಲೇ ಬೇಕಾದಷ್ಟು ಸಿಗುತ್ತದೆ.

ಎಸ್‌ಪಿ_ರೋಡ್_ಗಿರಾಕಿ:
ನಾನು ಪಿಸಿ ಮಾತ್ರ ಆಡುವವನು. ಗೇಮ್‌ಗೆ ವರ್ಷಕ್ಕೆ ನಾಲ್ಕೈದು ಸಾವಿರ ದಾಟುವುದಿಲ್ಲ. ಪಿಸಿ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ 2015ರಿಂದ ರೂಪಾಯಿಯಲ್ಲೇ ಬೆಲೆ ಇದೆ, ಸಮ್ಮರ್ ಸೇಲ್, ವಿಂಟರ್ ಸೇಲ್ ತನಕ ಕಾದರೆ ಎರಡು ಮೂರು ವರ್ಷ ಹಳೆಯ ಗೇಮ್ ಅರ್ಧ ಬೆಲೆಗೂ ಕಡಿಮೆಗೆ ಸಿಗುತ್ತದೆ. ಅಂಥದ್ದೇ ಇನ್ನೊಂದು ಅಂಗಡಿ ಎಪಿಕ್‌ನವರು ಸುಮ್ನೆ ಫ್ರೀ ಗೇಮ್ ಕೊಡುತ್ತಲೇ ಇರುತ್ತಾರೆ, 2020ರ ಮೇ ತಿಂಗಳಲ್ಲಿ ಜಿಟಿಎ 5 ಅನ್ನೇ ಕೊಟ್ಟಿದ್ದರು.

ನಿಜವಾದ ಮೊತ್ತ ನೋಡಬೇಕು ಅಂದರೆ ಸ್ಟೀಮ್ ಸಪೋರ್ಟ್ ಪುಟದಲ್ಲಿ ನಿಮ್ಮ ಅಕೌಂಟ್‌ನ ಡೇಟಾ ಅಂತ ಒಂದು ಪಟ್ಟಿ ಇದೆ, ಅದರಲ್ಲಿ 'ಎಕ್ಸ್‌ಟರ್ನಲ್ ಫಂಡ್ಸ್ ಯೂಸ್ಡ್' ತೆರೆಯಿರಿ. ಶುರುವಿನಿಂದ ಈವರೆಗೆ ಹಾಕಿದ ದುಡ್ಡು ಡಾಲರ್‌ನಲ್ಲಿ ಬರುತ್ತದೆ. ನೋಡುವಾಗ ಹೆಂಡತಿ ಪಕ್ಕದಲ್ಲಿ ಇಲ್ಲದಿದ್ದರೆ ಒಳ್ಳೆಯದು. 😄

ಇನ್ನು ಯಂತ್ರದ ಬೆಲೆ. ಖಂಡಿತ ಸೇರಿಸಿ. 60 ಸಾವಿರದ ಪಿಸಿ ಐದು ವರ್ಷ ಬಂದರೆ ವರ್ಷಕ್ಕೆ 12 ಸಾವಿರ, ನಾನು ಗೇಮ್‌ಗೆ ಕೊಡುವುದಕ್ಕಿಂತ ಎರಡೂವರೆ ಪಟ್ಟು! ಕರೆಂಟೂ ಉಂಟು. 400 ವ್ಯಾಟ್ ಎಳೆಯುವ ಪಿಸಿಯಲ್ಲಿ ದಿನಕ್ಕೆ ಎರಡೂವರೆ ಗಂಟೆ ಆಡಿದರೆ ಒಂದು ಯೂನಿಟ್, ತಿಂಗಳಿಗೆ 30. ಅದೇನು ದೊಡ್ಡ ದುಡ್ಡಲ್ಲ, ಆದರೆ ಗೃಹಜ್ಯೋತಿಯಲ್ಲಿ ಇರುವವರು ಹುಷಾರು. ಒಟ್ಟು ಬಳಕೆ 200 ಯೂನಿಟ್ ದಾಟಿದರೆ ಮೇಲಿನ ಯೂನಿಟ್‌ಗಳಿಗೆ ಮಾತ್ರ ಅಲ್ಲ, ಪೂರ್ತಿ ಬಿಲ್ ಕಟ್ಟಬೇಕು.

ಡಿಸ್ಕ್_ದಾಸ:
ಹೇಮಾವತಿ ಸರ್, ನಿಮ್ಮದು ಡಿಸ್ಕ್ ಡ್ರೈವ್ ಇರುವ ಪಿಎಸ್5 ಅಲ್ವಾ? ಹಾಗಿದ್ದರೆ ಬಚಾವ್. 2021ರ ಫೆಬ್ರವರಿಯಲ್ಲಿ ಇಲ್ಲಿ ಬಂದಾಗ ಅದರ ಬೆಲೆ 49,990 ಇತ್ತು, ಆಮೇಲೆ 54,990 ಆಯಿತು. ಐದು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 10-11 ಸಾವಿರ. ಹೊಸ ದೊಡ್ಡ ಗೇಮ್ 4,999. ನಾನು ತರುತ್ತೇನೆ, ಮುಗಿಸುತ್ತೇನೆ, ಬಿಸಿ ಆರುವ ಮುಂಚೆ ಮಾರುತ್ತೇನೆ. ಬಂದ ತಿಂಗಳಲ್ಲೇ ಕೊಟ್ಟರೆ ಮೂರೂವರೆ ಸಾವಿರದ ಹತ್ತಿರ ವಾಪಸ್ ಬರುತ್ತದೆ, ಆರು ತಿಂಗಳು ಇಟ್ಟುಕೊಂಡರೆ ಅರ್ಧವೂ ಬರುವುದಿಲ್ಲ. ಮೆಜೆಸ್ಟಿಕ್‌ನ ನ್ಯಾಷನಲ್ ಮಾರ್ಕೆಟ್ ಕಡೆ ಎಕ್ಸ್‌ಚೇಂಜ್ ಮಾಡುವವರು ಇದ್ದಾರೆ, ಹಳ್ಳಿ ಕಡೆಯವರಿಗೆ ಆನ್‌ಲೈನ್ ಗುಂಪುಗಳೇ ಗತಿ. ಸ್ಟೋರ್‌ನಲ್ಲಿ ಡಿಜಿಟಲ್ ಆಗಿ ತಗೊಂಡರೆ ಈ ದಾರಿ ಇಲ್ಲ.

ಪ್ಲೇಸ್ಟೇಷನ್ ಪ್ಲಸ್ ಚಂದಾ ಮರೆಯಬೇಡಿ. ದುಡ್ಡು ಕೊಟ್ಟು ತಂದ ಗೇಮ್‌ನಲ್ಲೂ ಆನ್‌ಲೈನ್ ಆಡೋಕೆ ಅದು ಬೇಕು. ಫೋರ್ಟ್‌ನೈಟ್ ಥರದ ಫ್ರೀ ಗೇಮ್‌ಗಳಿಗೆ ಬೇಡ.

ಮೂರನೇ_ಬೆಂಚು:
ಇವರೆಲ್ಲ ದೊಡ್ಡ ದೊಡ್ಡ ಬಿಲ್ ಲೆಕ್ಕ ಹೇಳುತ್ತಿದ್ದಾರೆ. 4,999 ಕೊಟ್ಟಿದ್ದು ಯಾರಿಗೂ ಮರೆಯಲ್ಲ ಸ್ವಾಮಿ. ಮರೆಯುವುದು 89 ರೂಪಾಯಿ. ಫೋನ್‌ನಲ್ಲಿ ಗೇಮ್ ಆಡ್ತಾ ಆಡ್ತಾ ಯುಪಿಐ ಪಿನ್ ಒತ್ತಿ ವಾರಕ್ಕೆ ಎರಡು ಸಲ 89 ಹಾಕಿದರೆ ವರ್ಷಕ್ಕೆ 9,256. ಹೆಚ್ಚುಕಮ್ಮಿ ಎರಡು ಹೊಸ ಪಿಎಸ್5 ಗೇಮ್‌ನಷ್ಟು ಆಯಿತು, ಅಷ್ಟಕ್ಕೆ ಸಿಕ್ಕಿದ್ದು ಒಂದು ಬಣ್ಣದ ಜಾಕೆಟ್ಟು, ಬಂದೂಕಿಗೆ ಹೊಳೆಯುವ ಪೇಂಟು.

ಅದರಲ್ಲೂ ಒಂದು ಕಳ್ಳ ಲೆಕ್ಕ ಇದೆ. ರೂಪಾಯಿಗೆ ನೇರವಾಗಿ ಸಾಮಾನು ಮಾರುವುದಿಲ್ಲ, ಮೊದಲು ಡೈಮಂಡ್ ಅಥವಾ ಯುಸಿ ಅನ್ನುವ ಗೇಮ್‌ನೊಳಗಿನ ನಾಣ್ಯ ತಗೋಬೇಕು. ನಿಮಗೆ ಬೇಕಾದ್ದು 80 ಡೈಮಂಡ್, ಪ್ಯಾಕ್ ಸಿಗುವುದು 60 ಅಥವಾ 120ರದ್ದು ಅಂತಿಟ್ಟುಕೊಳ್ಳಿ. ಉಳಿದ 40 ಅಕೌಂಟ್‌ನಲ್ಲಿ ಕೂತು ಮುಂದಿನ ಖರೀದಿಗೆ ಕರೆಯುತ್ತಲೇ ಇರುತ್ತದೆ. ಗೆನ್‌ಶಿನ್ ಇಂಪ್ಯಾಕ್ಟ್ ತಗೊಳ್ಳಿ. ಪಾತ್ರಕ್ಕಾಗಿ ಲಾಟರಿ ಥರ ಒಂದು ಸಲ ಅದೃಷ್ಟ ನೋಡೋಕೆ 160 ಪ್ರಿಮೋಜೆಮ್, ಅದು ಆ ಗೇಮ್‌ನ ನಾಣ್ಯ. ಬೇಕಾದ ಪಾತ್ರ ಗ್ಯಾರಂಟಿ ಸಿಗಬೇಕು ಅಂದರೆ, ನಸೀಬು ಪೂರ್ತಿ ಕೆಟ್ಟಿದ್ದರೆ 180 ಸಲ. ಅಂದರೆ 28,800 ಪ್ರಿಮೋಜೆಮ್. ಇದನ್ನು ಮೊದಲೇ ರೂಪಾಯಿಯಲ್ಲಿ ಬರೆದು ಬೋರ್ಡ್ ಹಾಕಿದ್ದರೆ ಎಷ್ಟು ಜನ ತಗೊಳ್ಳುತ್ತಿದ್ದರು?

ಪ್ಲೇ ಸ್ಟೋರ್‌ನಲ್ಲಿ ನಿಮ್ಮ ಫೋಟೋ ಒತ್ತಿ, ಪೇಮೆಂಟ್ಸ್ ಒಳಗೆ 'ಬಜೆಟ್ ಅಂಡ್ ಹಿಸ್ಟರಿ' ನೋಡಿ. ತಿಂಗಳ ಬಜೆಟ್ ಅಲ್ಲೇ ಇಡಬಹುದು, ಆದರೆ ಅದು ಬರೀ ಎಚ್ಚರಿಸುತ್ತದೆ, ತಡೆಯುವುದಿಲ್ಲ.

ಅವರೆಬೇಳೆ:
ಮೂರನೇ ಬೆಂಚು ಹೇಳಿದ್ದು ಸರಿ. ನನ್ನ ತಂಗಿ ಮಗ ಅಜ್ಜಿಯ ಫೋನ್‌ನಲ್ಲಿ ಇದನ್ನೇ ಮಾಡಿದ. ಹೇಮಾವತಿಯವರೇ, ಮಗನಿಗೆ ಹದಿಮೂರು ಆಗಿಲ್ಲ ಅಂದರೆ ಗೂಗಲ್‌ನ ಫ್ಯಾಮಿಲಿ ಲಿಂಕ್ ಆ್ಯಪ್‌ನಲ್ಲಿ ಅವನದೇ ಅಕೌಂಟ್ ಮಾಡಿಕೊಡಿ, ಪ್ರತಿ ಖರೀದಿಗೂ ನಿಮ್ಮ ಒಪ್ಪಿಗೆ ಕೇಳುವ ಹಾಗೆ ಇಡಿ. ಏನಾದರೂ ಎಡವಟ್ಟಾದರೆ 48 ಗಂಟೆಯೊಳಗೆ ಪ್ಲೇ ಸ್ಟೋರ್‌ನಲ್ಲೇ ರಿಫಂಡ್ ಕೇಳಿ, ಆಮೇಲೆ ಗೇಮ್ ಮಾಡಿದವರ ಹಿಂದೆ ಅಲೆಯಬೇಕಾಗುತ್ತದೆ.

ನ್ಯೂಜೆರ್ಸಿ_ನಿಂಗಣ್ಣ:
ಇಲ್ಲಿ ಹೊಸ ಗೇಮ್ 70 ಡಾಲರ್, 2025ರಲ್ಲಿ ಮಾರಿಯೋ ಕಾರ್ಟ್ ವರ್ಲ್ಡ್ 80ಕ್ಕೆ ಬಂತು. ನಮ್ಮ ಮನೆಯಲ್ಲಿ ಎಕ್ಸ್‌ಬಾಕ್ಸ್‌ನ ಚಂದಾ ಗೇಮ್ ಪಾಸ್ ಅಲ್ಟಿಮೇಟ್ ಇತ್ತು, 2025ರ ಅಕ್ಟೋಬರ್‌ನಲ್ಲಿ ತಿಂಗಳಿಗೆ 20 ಇದ್ದದ್ದನ್ನು 30 ಡಾಲರ್ ಮಾಡಿದರು. ವರ್ಷಕ್ಕೆ 360! ಅವತ್ತೇ ನಿಲ್ಲಿಸಿದೆ. ಆದರೂ ಒಂದು ಮಾತು, ಗಂಟೆಗೆ ಎಷ್ಟು ಬಿತ್ತು ಅಂತ ನೋಡಿದರೆ ಗೇಮ್‌ನಷ್ಟು ಅಗ್ಗದ ಮನರಂಜನೆ ಇಲ್ಲ. ಸಾವಿರ ರೂಪಾಯಿಯ ಗೇಮ್ ನೂರು ಗಂಟೆ ಆಡಿದರೆ ಗಂಟೆಗೆ ಹತ್ತು. ಮಲ್ಟಿಪ್ಲೆಕ್ಸ್‌ಗೆ ಹೋಗಿ ಬನ್ನಿ ನೋಡೋಣ.

ಎಸ್‌ಪಿ_ರೋಡ್_ಗಿರಾಕಿ:
ನಿಂಗಣ್ಣ, ಈ ಗಂಟೆ ಲೆಕ್ಕ ಎಲ್ಲರೂ ಹೇಳುತ್ತಾರೆ, ಆದರೆ ಆಡಿದ ಗೇಮ್‌ಗೆ ಮಾತ್ರ ಹಾಕುತ್ತಾರೆ. ಸೇಲ್‌ನಲ್ಲಿ ತಗೊಂಡು ಇನ್‌ಸ್ಟಾಲ್ ಕೂಡ ಮಾಡದೆ ಬಿದ್ದಿರುವುದನ್ನು ಯಾರು ಸೇರಿಸುತ್ತಾರೆ? ತಗೊಂಡ ಮೇಲೆ ಒಂದು ಗಂಟೆ ಆಡಿ ನೋಡಿ. ಹಿಡಿಸದಿದ್ದರೆ 14 ದಿನದೊಳಗೆ, ಆಡಿದ್ದು ಎರಡು ಗಂಟೆ ಆಗುವ ಮುಂಚೆ ಸ್ಟೀಮ್ ದುಡ್ಡು ವಾಪಸ್ ಕೊಡುತ್ತದೆ. ಸುಮ್ನೆ ಇಟ್ಟುಕೊಂಡರೆ ಅದೂ ಹೋಯಿತು.

ಕೆಂಪುಗುಂಡಿ:
ರಮ್ಮಿ ಆ್ಯಪ್‌ಗೆ ಹಾಕಿದ್ದನ್ನೂ ಇದೇ ಸಾಲಿನಲ್ಲಿ ಬರೆಯಬಹುದಾ?

ಮೂರನೇ_ಬೆಂಚು:
ಅದು ಗೇಮ್ ಖರ್ಚಲ್ಲ ಗುರು, ಜೂಜು. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ 2025ರ ಆಗಸ್ಟ್‌ನಲ್ಲಿ ಕೇಂದ್ರ ಕಾನೂನೇ ಬಂದಿದೆ. ಇ-ಸ್ಪೋರ್ಟ್ಸ್ ಮತ್ತು ಸಾಮಾನ್ಯ ಗೇಮ್‌ಗಳಿಗೆ ಅದು ತಗಲುವುದಿಲ್ಲ. ಎರಡನ್ನೂ ಒಂದೇ ಸಾಲಿನಲ್ಲಿ ಬರೆದರೆ ಮನೆಯವರು ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ.

ಹೇಮಾವತಿ_ದಡ:
ಎಲ್ಲರಿಗೂ ಥ್ಯಾಂಕ್ಸ್. ಕೂತು ಹಾಕಿದೆ. ಪಿಎಸ್5ದು 11 ಸಾವಿರ, ಡಿಸ್ಕ್‌ಗಳು ಮತ್ತು ಪ್ಲಸ್ ಸೇರಿ ಹತ್ತಿರ ಹತ್ತಿರ 13, ಪಿಸಿ ಕಡೆ ಒಂದೂವರೆ. ಪ್ಲೇ ಹಿಸ್ಟರಿಯಲ್ಲಿ ಆರು ಸಾವಿರದ ಮೇಲೆ ಬಂತು, ಅದರಲ್ಲಿ ಅರ್ಧ ಯಾರದ್ದು ಅಂತ ಮಗ ಸ್ಕೂಲಿಂದ ಬಂದ ಮೇಲೆ ಗೊತ್ತಾಗುತ್ತದೆ. ಒಟ್ಟು 31-32 ಸಾವಿರ. ನಾನು ಮನಸ್ಸಿನಲ್ಲಿ 15 ಅಂದುಕೊಂಡಿದ್ದೆ. ಡಿಸ್ಕ್ ದಾಸರೇ, ಕಪಾಟಿನಲ್ಲಿ ಆರೇಳು ಡಿಸ್ಕ್ ಇವೆ, ಮಾರೋಕೆ ಬಿಲ್ ಬೇಕಾ?

ಡಿಸ್ಕ್_ದಾಸ:
ನನ್ನನ್ನು ಯಾರೂ ಬಿಲ್ ಕೇಳಿಲ್ಲ ಸರ್. ಗೀರು ಇದೆಯಾ ನೋಡುತ್ತಾರೆ, ಡಬ್ಬಿ ಇರಲೇಬೇಕು. ಪಟ್ಟಿ ಇಲ್ಲೇ ಹಾಕಿ, ಎರಡು ನಾನೇ ತಗೋಬಹುದು.